ಬಾಡಿ ಮೊದಲೋ ಲೆನ್ಸ್ ಮೊದಲೋ: ರಾತ್ರಿ ಆಟದ ಫೋಟೊ ತೆಗೆಯುವ ಮೇಷ್ಟ್ರ ಪ್ರಕರಣ

ಮೇಷ್ಟ್ರು ಕುಂದಾಪುರದ ಕಡೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳಲ್ಲಿ ಗೆಜ್ಜೆ ಬಿಚ್ಚುವವರೆಗೆ ಇವರಿಗೆ ರಾತ್ರಿ ನಿದ್ದೆ ಕಡಿಮೆ. ಬೈಕಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಎಲ್ಲಿ ಬಯಲಾಟ ಇದ್ದರೂ ಕ್ಯಾಮೆರಾ ಹಿಡಿದು ಹಾಜರು. ಇದರಿಂದ ಒಂದು ರೂಪಾಯಿ ಆದಾಯ ಇಲ್ಲ. ತೆಗೆದ ಫೋಟೊವನ್ನು ಕಲಾವಿದರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅವರು ಅದನ್ನು ಡಿಪಿ ಮಾಡಿಕೊಂಡರೆ ಅದೇ ಇವರ ಸಂಭಾವನೆ.

ಇವರ ಹತ್ತಿರ ಇದ್ದದ್ದು ಕ್ಯಾನನ್ 1500ಡಿ. 2018ರಲ್ಲಿ ಬಂದ, ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಕೆಳಗಿನ ಮೆಟ್ಟಿಲಿನದು. ಜೊತೆಗೆ ಎರಡು ಲೆನ್ಸ್: 18-55 ಮತ್ತು 55-250 ಎಂಎಂ. ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಕೂಡಿಟ್ಟ ಹಣ 45 ಸಾವಿರ. ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಪ್ರಶ್ನೆ ಒಂದೇ. "ಬಾಡಿ ಬದಲಿಸುದಾ, ಲೆನ್ಸ್ ತಕಂಬುದಾ? ಎಂತ ಮಾಡುದು ಮಾರಾಯ್ರೆ?"

ಈ ಪ್ರಶ್ನೆಗೆ ಊರೆಲ್ಲ ಒಂದು ಸಿದ್ಧ ಉತ್ತರ ಕೊಡುತ್ತದೆ: ಮೊದಲು ಲೆನ್ಸ್. ಲೆನ್ಸಿನ ಬೆಲೆ ಬೇಗ ಇಳಿಯುವುದಿಲ್ಲ, ಬಾಡಿ ನಾಲ್ಕು ವರ್ಷಕ್ಕೆ ಹಳತಾಗುತ್ತದೆ ಅಂತ. ಮೇಷ್ಟ್ರ ಪರಿಚಯದ ಮದುವೆ ಫೋಟೊಗ್ರಾಫರ್ ಒಬ್ಬರು ಮಾತ್ರ ತದ್ವಿರುದ್ಧ ಹೇಳಿದ್ದರು. ಈ ಡಬ್ಬ ಬಿಸಾಕಿ, ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ತಗೊಳ್ಳಿ ಎಂದು. ಎರಡೂ ಸಲಹೆ ಮೇಷ್ಟ್ರ ಫೋಟೊಗಳನ್ನು ನೋಡದೆ ಕೊಟ್ಟವು. ನಾನು ಅವರನ್ನು ಕೇಳಿದ್ದು ಹಾಳಾದ ಫೋಟೊಗಳನ್ನು. ಚೆಂದ ಬಂದದ್ದು ಯಾರು ಬೇಕಾದರೂ ತೋರಿಸುತ್ತಾರೆ, ಅದರಿಂದ ಏನನ್ನು ಕೊಳ್ಳಬೇಕು ಎನ್ನುವುದು ತಿಳಿಯುವುದಿಲ್ಲ.

ತೊಂದರೆ ಏನೆಂದರೆ, ಮೇಷ್ಟ್ರು ಹಾಳಾದದ್ದನ್ನು ಅಲ್ಲಲ್ಲೇ ಅಳಿಸಿಬಿಡುತ್ತಿದ್ದರು. ಮುಂದಿನ ಕೆಲವು ಆಟಗಳಲ್ಲಿ ಒಂದನ್ನೂ ಅಳಿಸಬೇಡಿ ಎಂದು ಹೇಳಬೇಕಾಯಿತು.

ಹಾಳಾದ ಫೋಟೊ ಏನು ಹೇಳಿತು

ಎಲ್ಲವನ್ನೂ ಡಿಜಿಕ್ಯಾಮ್‌ಗೆ ಹಾಕಿದೆವು. ಅದು ಉಚಿತ ಸಾಫ್ಟ್‌ವೇರ್. ಪ್ರತಿ ಫೋಟೊದ ಶಟರ್ (ಸೆಕೆಂಡಿನ ಎಷ್ಟು ಭಾಗ ಬೆಳಕು ಬಿತ್ತು), ಅಪರ್ಚರ್ (ಲೆನ್ಸ್ ಎಷ್ಟು ತೆರೆದಿತ್ತು), ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಿದ್ದು), ಎಷ್ಟು ಎಂಎಂನಲ್ಲಿ ತೆಗೆದದ್ದು ಎಲ್ಲ ಪಕ್ಕದಲ್ಲೇ ಕಾಣುತ್ತದೆ. ಫೋಕಸ್ ಎಲ್ಲಿ ಕೂತಿತ್ತು ಎಂದು ನೋಡಲು ಕ್ಯಾನನ್‌ನದೇ ಸಾಫ್ಟ್‌ವೇರ್ ಡಿಪಿಪಿ ಬಳಸಿದೆವು. ಆಮೇಲೆ ಪ್ರತಿ ಫೋಟೊಗೂ ಒಂದೇ ಪ್ರಶ್ನೆ: ಇದು ಯಾಕೆ ಕೆಟ್ಟಿತು?

ಮುಕ್ಕಾಲು ಪಾಲು ಒಂದೇ ರೋಗ. ವೇಷದ ಕೈ, ಮುಖ, ಗೆಜ್ಜೆ ಕಟ್ಟಿದ ಕಾಲು ಬ್ಲರ್ ಆಗಿವೆ, ಆದರೆ ಹಿಂದೆ ಕೂತ ಭಾಗವತರು ಸ್ಪಷ್ಟವಾಗಿದ್ದಾರೆ. ಅಂದರೆ ಕ್ಯಾಮೆರಾ ಅಲುಗಿಲ್ಲ, ಕಲಾವಿದ ಅಲುಗಿದ್ದಾನೆ. ಶಟರ್ ನೋಡಿದರೆ 1/25, 1/30. ಅರ್ಥ (ಮಾತು) ಹೇಳುತ್ತ ನಿಂತ ವೇಷಕ್ಕೆ 1/125 ಸಾಕು. ಕುಣಿತಕ್ಕೆ 1/400 ಆದರೂ ಬೇಕು. ಮಂಡಿ ಹಾಕಿ ಗಿರಗಿರ ತಿರುಗುವಾಗ 1/500ಕ್ಕಿಂತ ಕೆಳಗೆ ಬಂದರೆ ಮುಖ ಉಳಿಯುವುದಿಲ್ಲ. 1/25ರಲ್ಲಿ ಪುಂಡುವೇಷದ (ಚುರುಕು ತರುಣ ಪಾತ್ರದ) ಕುಣಿತ ಹಿಡಿಯುವುದು ಆಗದ ಮಾತು.

ಲೆನ್ಸಿನ ಮೇಲೆ ಐಎಸ್ ಎಂದು ಬರೆದಿದೆಯಲ್ಲ, ಅದು ಅಲುಗಾಟ ತಡೆಯುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು. ಅದು ನಮ್ಮ ಕೈ ನಡುಗುವುದನ್ನು ತಡೆಯುತ್ತದೆ. ಬಬ್ರುವಾಹನ ಕುಣಿಯುವುದನ್ನು ತಡೆಯುವುದಿಲ್ಲ. ಬಾಡಿಯೊಳಗೇ ಸ್ಟೆಬಿಲೈಸೇಶನ್ ಇರುವ ದುಬಾರಿ ಕ್ಯಾಮೆರಾ ತಂದರೂ ಇದೇ ಕಥೆ. ಎಷ್ಟೋ ಜನ ಇದನ್ನು ತಿಳಿಯದೆಯೇ ಅದಕ್ಕೆ ಹಣ ಕೊಡುತ್ತಾರೆ.

ಉಳಿದ ಕಾಲು ಭಾಗದಲ್ಲಿ ಫೋಕಸ್ ತಪ್ಪಿದ್ದು ಸ್ವಲ್ಪ, ವೇಷದ ಮುಖ ಸುಟ್ಟ ಹಾಗೆ ಬೆಳ್ಳಗಾದದ್ದು ಸ್ವಲ್ಪ, ಅರ್ಧ ಚೌಕಟ್ಟಿನಲ್ಲಿ ಹಳದಿ ಪಟ್ಟೆ ಬಂದದ್ದು ಎಲ್ಲೋ ಒಂದೆರಡು. ಆ ಪಟ್ಟೆಯನ್ನು ಆಗ ನಾವು ಲೆಕ್ಕಕ್ಕೆ ಇಡಲಿಲ್ಲ. ಮುಂದೆ ಅದೇ ದೊಡ್ಡದಾಯಿತು.

ಮೇಷ್ಟ್ರು ದೂರುತ್ತಿದ್ದ ನಾಯ್ಸ್, ಅಂದರೆ ಕತ್ತಲೆಯ ಫೋಟೊದಲ್ಲಿ ಕಾಣುವ ಕಾಳು ಕಾಳು ಚುಕ್ಕೆ, ಈ ಪಟ್ಟಿಯಲ್ಲಿ ಬರಲೇ ಇಲ್ಲ. ಕಾರಣ, ನಾಯ್ಸಿಗೆ ಹೆದರಿ ಅವರು ಐಎಸ್‌ಒ 1600ಕ್ಕೆ ಕಟ್ಟಿ ಹಾಕಿದ್ದರು. ಫೋಟೊ ನುಣ್ಣಗಿತ್ತು. ನುಣ್ಣಗೆ ಬ್ಲರ್ ಆಗಿತ್ತು ಅಷ್ಟೇ.

ರಿಪೇರಿ ಆಗುವ ರೋಗ, ಆಗದ ರೋಗ

ನನ್ನ ಇಡೀ ವಾದ ನಿಂತಿರುವುದು ಇದರ ಮೇಲೆ. ಹಣ ಹಾಕಬೇಕಾದದ್ದು ಮನೆಗೆ ಬಂದ ಮೇಲೆ ಸರಿ ಮಾಡಲಾಗದ ದೋಷಕ್ಕೆ. ಹತ್ತು ವರ್ಷದ ಹಿಂದೆ ನಾಯ್ಸ್ ಕೂಡ ಆ ಗುಂಪಿನಲ್ಲಿತ್ತು. ಕತ್ತಲೆಯ ಫೋಟೊ ಬೇಕು ಎಂದರೆ ದೊಡ್ಡ ಸೆನ್ಸಾರ್ (ಬೆಳಕು ಹಿಡಿಯುವ ಚಿಪ್) ಕೊಳ್ಳಬೇಕು ಎನ್ನುವ ಮಾತು ಹುಟ್ಟಿದ್ದೇ ಆ ಕಾಲದಲ್ಲಿ. ಈಗ ಹಾಗಿಲ್ಲ. 2021ರಲ್ಲಿ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಡಿಎಕ್ಸ್‌ಒ ಪ್ಯೂರ್‌ರಾ ಬಂತು. 2023ರ ಏಪ್ರಿಲಿನಲ್ಲಿ ಲೈಟ್‌ರೂಮ್‌ನಲ್ಲೇ ಎಐ ಡಿನಾಯ್ಸ್ ಸೇರಿತು. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಕಚ್ಚಾ ಫೈಲ್) ಇದ್ದರೆ ಐಎಸ್‌ಒ 6400ರ ಫೋಟೊವನ್ನು ಯಾವ ನಾಚಿಕೆಯೂ ಇಲ್ಲದೆ ಕಲಾವಿದರಿಗೆ ಕಳಿಸುವಷ್ಟು ಚೊಕ್ಕ ಮಾಡಬಹುದು. ಆದರೆ ಬ್ಲರ್ ಆದ ಕಣ್ಣನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ವಾಪಸ್ ತರುವುದಿಲ್ಲ. ಅದು ತಾನೇ ಊಹಿಸಿ ಒಂದು ಕಣ್ಣು ಬರೆಯುತ್ತದೆ. ಆ ಕಣ್ಣು ಆ ಕಲಾವಿದನದಲ್ಲ.

ಹಾಗಾಗಿ ಮೊದಲ ಹೆಜ್ಜೆಗೆ ಖರ್ಚೇ ಇರಲಿಲ್ಲ. ಜೆಪೆಗ್ ಬಿಟ್ಟು ರಾ, ಐಎಸ್‌ಒ 1600 ಬಿಟ್ಟು 6400. ನಾಲ್ಕು ಪಟ್ಟು ಲಾಭ. 1/25 ಇದ್ದದ್ದು 1/100 ಆಯಿತು. ಅರ್ಥಗಾರಿಕೆಯ ಫೋಟೊಗಳು ಒಂದೇ ರಾತ್ರಿಯಲ್ಲಿ ಸುಧಾರಿಸಿದವು. ಕುಣಿತ ಇನ್ನೂ ಕೈಗೆ ಸಿಗಲಿಲ್ಲ.

ಇಲ್ಲಿಂದ ಮುಂದೆ ಮೇಷ್ಟ್ರೇ ಪೆನ್ನು ಹಿಡಿದರು. ಗಣಿತದವರಲ್ವಾ.

55-250 ಲೆನ್ಸು 85 ಎಂಎಂ ಸುತ್ತಮುತ್ತ ಎಫ್/4.5ರಷ್ಟು ತೆರೆಯುತ್ತದೆ, 200 ದಾಟಿದರೆ 5.6. ಎಫ್ ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಅದರ ಬದಲು 85 ಎಂಎಂ ಎಫ್/1.8 ಲೆನ್ಸ್ ಹಾಕಿ ಎಫ್/2ರಲ್ಲಿ ತೆಗೆದರೆ? 4.5ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ ಐದು ಪಟ್ಟು ಬೆಳಕು. 1/100 ಹೋಗಿ 1/500.

ಈಗ ಬಾಡಿ ಬದಲಿಸಿದರೆ? ಅದೇ ಅಳತೆಯ ಸೆನ್ಸಾರಿನ ಹೊಸ ಮಿರರ್‌ಲೆಸ್, ಅಂದರೆ 2022ರಲ್ಲಿ ಬಂದ ಆರ್10 ಥರದ್ದು. ಸೆನ್ಸಾರ್ ಸುಧಾರಿಸಿದೆ, ಆದರೆ ಅಳತೆ ಅದೇ. ಬಹಳ ಧಾರಾಳವಾಗಿ ಲೆಕ್ಕ ಹಾಕಿ ಒಂದು ಸ್ಟಾಪ್ (ಎರಡು ಪಟ್ಟು) ಕೊಡೋಣ, ಐಎಸ್‌ಒ 12800. ಶಟರ್ 1/200. ಹಳೇ ಲೆನ್ಸಿನ ಮೇಲೆ ಅಷ್ಟೇ.

ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸಾರಿನ ಬಾಡಿ? ಸೆನ್ಸಾರಿನ ವಿಸ್ತೀರ್ಣ 1.6ರ ವರ್ಗ, ಅಂದರೆ ಎರಡೂವರೆ ಪಟ್ಟು. 1/100 ಇದ್ದದ್ದು 1/250 ಆಗಬೇಕು. ಆದರೆ ಮೇಷ್ಟ್ರ 55-250 ಇಎಫ್-ಎಸ್ ಲೆನ್ಸು, ಚಿಕ್ಕ ಸೆನ್ಸಾರಿಗೆ ಮಾಡಿದ್ದು. ಆರ್8ರಂಥ ಫುಲ್ ಫ್ರೇಮಿಗೆ ಅಡಾಪ್ಟರಿನಲ್ಲಿ ಹಾಕಿದರೆ ಕ್ಯಾಮೆರಾ ತಾನೇ ಸೆನ್ಸಾರಿನ ನಡುಭಾಗಕ್ಕೆ ಇಳಿಯುತ್ತದೆ. 24 ಮೆಗಾಪಿಕ್ಸೆಲ್ ಇದ್ದದ್ದು ಒಂಬತ್ತು ಚಿಲ್ಲರೆ ಆಗುತ್ತದೆ, ಎರಡೂವರೆ ಪಟ್ಟಿನ ಲಾಭವೂ ಹೋಗುತ್ತದೆ. ಲಕ್ಷ ರೂಪಾಯಿ ಕೊಟ್ಟು ಮತ್ತೆ ಚಿಕ್ಕ ಸೆನ್ಸಾರಿಗೇ ಬಂದು ನಿಂತ ಹಾಗೆ.

ಹಾಳೆಯ ಮೇಲೆ 500, 200, 250 ಮೂರು ಅಂಕಿ. ಮೊದಲನೆಯದಕ್ಕೆ ಖರ್ಚು ಕಡಿಮೆ. ಫ್ಲ್ಯಾಶ್ ಹಾಕಿದರೆ ಇದ್ಯಾವುದೂ ಬೇಡ ಎನ್ನುವವರೂ ಇದ್ದಾರೆ. ರಂಗಸ್ಥಳದ ಎದುರು ಫ್ಲ್ಯಾಶ್ ಹೊಡೆದರೆ ಕಲಾವಿದನ ಕಣ್ಣು ಕುಕ್ಕುತ್ತದೆ, ಹಿಂದೆ ಕೂತವರಿಗೆ ಕಿರಿಕಿರಿ, ಬಣ್ಣದ ವೇಷದ ಕೆಂಪು ಕಪ್ಪು ಎಲ್ಲ ಪೇಲವ. ಅದನ್ನು ನಾವು ಮಾತಿಗೂ ಎತ್ತಿಕೊಳ್ಳಲಿಲ್ಲ.

50ಆ, 85ಆ, ಇನ್ನೂ ದೂರದ್ದಾ

ಯಾವ ಲೆನ್ಸ್ ಎನ್ನುವುದನ್ನೂ ಹಳೇ ಫೋಟೊಗಳೇ ಹೇಳಿದವು. ಮೇಷ್ಟ್ರು ಕೂರುವುದು ರಂಗಸ್ಥಳದ ಮುಂದೆ, ಒಂದು ಬದಿಗೆ, ನೆಲದ ಮೇಲೆ. ಹೆಚ್ಚಿನ ಫೋಟೊಗಳು 70ರಿಂದ 135 ಎಂಎಂ ಒಳಗೆ ಇದ್ದವು. 200 ದಾಟಿದ್ದು ಕೆಲವು, ಬರೀ ಮುಖದವು.

85ರ ಲೆನ್ಸನ್ನು 1500ಡಿಗೆ ಹಾಕಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ 8 ಮೀಟರ್ ದೂರದಲ್ಲಿ ಸುಮಾರು 2.1 ಮೀಟರ್ ಎತ್ತರ ಸಿಗುತ್ತದೆ. ಕೇದಗೆ ಮುಂದಲೆ (ತಲೆಯ ಮೇಲಿನ ಅಲಂಕಾರ) ಸೇರಿ ವೇಷ ಪೂರ್ತಿ ಬರುತ್ತದೆ, ತುಸು ಬಿಗಿಯಾಗಿ. 6 ಮೀಟರಿಗೆ ಬಂದರೆ ಮುಂದಲೆಯಿಂದ ಮೊಣಕಾಲಿನವರೆಗೆ. ಇನ್ನೂ ಹತ್ತಿರದ ಮುಖ ಬೇಕಾದರೆ ಕತ್ತರಿಸಬೇಕು. 200 ಎಂಎಂನಷ್ಟು ಹತ್ತಿರಕ್ಕೆ ಕತ್ತರಿಸಿದರೆ 24ರಲ್ಲಿ 4 ಮೆಗಾಪಿಕ್ಸೆಲ್ ಉಳಿಯುತ್ತದೆ. ವಾಟ್ಸಾಪಿಗೆ ಧಾರಾಳ.

70-200 ಎಫ್/2.8 ಇದ್ದರೆ ಈ ತಲೆನೋವೇ ಇಲ್ಲ ಎನ್ನುವುದು ನಿಜ. ಅದರ ಬೆಲೆಯೂ ನಿಜ, ಒಂದೂವರೆ ಕೆಜಿಯಷ್ಟು ತೂಕವೂ ನಿಜ. ಇನ್ನು ಎಫ್/2ಕ್ಕೆ ಹೋಲಿಸಿದರೆ 2.8ರಲ್ಲಿ ಬೆಳಕು ಅರ್ಧ. ಹಳ್ಳಿಯ ಆಟದಲ್ಲಿ ಆ ಅರ್ಧ ಬಹಳ ದೊಡ್ಡದು.

50 ಎಂಎಂ ಎಫ್/1.8 ಎಸ್‌ಟಿಎಂ ಬೇರೆ ಕಾರಣಕ್ಕೆ ಪಟ್ಟಿಗೆ ಬಂತು. ಚೌಕಿಗೆ. ಕಲಾವಿದರು ಸಾಲಾಗಿ ಕೂತು ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವ ಜಾಗ. ಅಲ್ಲಿ ಹಿಂದೆ ಸರಿಯಲು ಸ್ಥಳ ಇಲ್ಲ, ಸರಿದರೆ ಯಾರದ್ದೋ ಪೆಟ್ಟಿಗೆ ತುಳಿಯಬೇಕು. ಅಲ್ಲಿಗೆ 85 ಉದ್ದವಾಯಿತು.

ಹಳೇ ಇಎಫ್ ಮೌಂಟಿನ (ಬಾಡಿಗೆ ಲೆನ್ಸ್ ಕೂರುವ ಬಾಯಿ) ಲೆನ್ಸಿಗೆ ಈಗ ಹಣ ಹಾಕುವುದು ದಡ್ಡತನ ಅಲ್ವಾ ಎನ್ನುವ ಪ್ರಶ್ನೆ ಬಂದೇ ಬಂತು. ಕ್ಯಾನನ್ 2018ರಲ್ಲೇ ಆರ್ ಮೌಂಟಿಗೆ ಹೊರಳಿತು. ಹೊಸ ಇಎಫ್ ಲೆನ್ಸುಗಳು ಬರುವ ಲಕ್ಷಣ ಇಲ್ಲ. ಆದರೆ ಇಎಫ್ ಲೆನ್ಸನ್ನು ಅಡಾಪ್ಟರ್ ಹಾಕಿ ಆರ್ ಬಾಡಿಗಳ ಮೇಲೆ ಬಳಸಬಹುದು, ಆಟೊಫೋಕಸ್ ಸಮೇತ. ಅಡಾಪ್ಟರಿನ ಒಳಗೆ ಗಾಜೇ ಇಲ್ಲ, ಹಾಗಾಗಿ ಚಿತ್ರ ಕೆಡುವುದೂ ಇಲ್ಲ. ಜನ ಮಿರರ್‌ಲೆಸ್‌ಗೆ ಹೋಗುತ್ತ ಹಳೇ ಲೆನ್ಸ್ ಮಾರುತ್ತಿರುವುದರಿಂದ ಕೊಳ್ಳುವವರಿಗೆ ಸುಗ್ಗಿ. 85 ಎಫ್/1.8 ಯುಎಸ್‌ಎಂ 1992ರ ವಿನ್ಯಾಸ. ಮುದುಕ ನಿಜ, ಆದರೆ ಫೋಕಸ್ ಇವತ್ತಿಗೂ ಚುರುಕು. ಅದರ ಒಂದು ಕೆಟ್ಟ ಗುಣ ಗೊತ್ತಿರಬೇಕು. ಪೂರ್ತಿ ತೆರೆದಾಗ ಹೊಳೆಯುವ ಅಂಚುಗಳಲ್ಲಿ ನೇರಳೆ ಗೆರೆ ಬರುತ್ತದೆ. ಯಕ್ಷಗಾನದ ವೇಷದಲ್ಲಿ ಹೊಳೆಯದ ಅಂಚು ಎಲ್ಲಿದೆ ಹೇಳಿ. ಎಫ್/2.2ಕ್ಕೆ ಇಳಿಸಿದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಎರಡನ್ನೂ ಸೆಕೆಂಡ್ ಹ್ಯಾಂಡ್ ತಗೊಂಡರು. 85ಕ್ಕೆ 19 ಸಾವಿರ, 50ಕ್ಕೆ 6 ಸಾವಿರ. ಮೊದಲು ನೋಡಿದ 85ನ್ನು ವಾಪಸ್ ಕೊಟ್ಟೆವು. ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದಾಗ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಕಂಡಿತು. ಫಂಗಸ್. ಕರಾವಳಿಯ ಸೆಕೆ ಮತ್ತು ಮಳೆಗಾಲದ ತೇವದಲ್ಲಿ ಬ್ಯಾಗಿನಲ್ಲೇ ಇಟ್ಟ ಲೆನ್ಸಿಗೆ ಇದು ಮಾಮೂಲು. ಇಲ್ಲಿ ಹಳೇ ಲೆನ್ಸ್ ಕೊಳ್ಳುವವರು ಹೊರಗಿನ ಗೀರು ನೋಡುವುದಕ್ಕಿಂತ ಮೊದಲು ಇದನ್ನು ನೋಡಬೇಕು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ಸಾವಿರ ರೂಪಾಯಿಯೊಳಗೆ ಮುಗಿಯುವ ಈ ಖರ್ಚನ್ನು ಲೆನ್ಸಿನ ಬೆಲೆಯೊಳಗೇ ಸೇರಿಸಿ ಎಂದು ಮೇಷ್ಟ್ರಿಗೆ ಹೇಳಿದ್ದೆ, ಸೇರಿಸಿದರು.

ಲೆನ್ಸ್ ಬಂದ ಮೇಲೆ

ಕುಣಿತ ಸಿಕ್ಕಿತು. ಮಂಡಿ ತಿರುಗುವಾಗ ಮುಖ ನಿಂತಿತು, ಗೆಜ್ಜೆ ನಿಂತಿತು, ಹಾರಿದ ಬೆವರಿನ ಹನಿ ಕೂಡ ಒಂದರಲ್ಲಿ ನಿಂತಿತು. ಮೇಷ್ಟ್ರ ಖುಷಿ ನೋಡಬೇಕಿತ್ತು.

ಮುಖ ಸುಟ್ಟ ಹಾಗೆ ಬೆಳ್ಳಗಾಗುವುದಕ್ಕೆ ಹಣ ಬೇಕಿರಲಿಲ್ಲ. ಸುತ್ತ ಕಪ್ಪು ಕತ್ತಲೆ, ನಡುವೆ ಬೆಳಕು ಬಿದ್ದ ಮುಖ. ಕ್ಯಾಮೆರಾ ಕತ್ತಲೆ ನೋಡಿ ಬೆಳಕು ಹೆಚ್ಚಿಸುತ್ತದೆ, ಮುಖ ಹೋಗುತ್ತದೆ. ಮ್ಯಾನುವಲ್‌ಗೆ ಹಾಕಿ, ವೇಷದ ಹಣೆಯ ಬಿಳಿ ಉಳಿಯುವ ಹಾಗೆ ಒಂದು ಸಲ ಹೊಂದಿಸಿಕೊಂಡರೆ ದೀಪ ಬದಲಾಗುವವರೆಗೆ ಮುಟ್ಟುವುದೇ ಬೇಡ.

ಫೋಕಸ್ ಮಾತ್ರ ಮೊದಲಿಗಿಂತ ಜಾಸ್ತಿ ಕೈಕೊಟ್ಟಿತು. ಯಾಕೆಂದರೆ ಎಫ್/2ರಲ್ಲಿ 6 ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವ ಆಳ ಬರೀ 38 ಸೆಂಟಿಮೀಟರ್. ಮುಂದೆ ಚಾಚಿದ ಕೈಗೆ ಫೋಕಸ್ ಕೂತರೆ ಮುಖ ಹೋಯಿತು. 1500ಡಿಯಲ್ಲಿ ಫೋಕಸ್ ಬಿಂದು ಒಂಬತ್ತೇ. ಅದರಲ್ಲಿ ನಡುವಿನ ಒಂದು ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವುದು), ಕತ್ತಲೆಯಲ್ಲಿ ನಂಬಬಹುದಾದದ್ದೂ ಅದೊಂದೇ. ನಡುಬಿಂದುವನ್ನು ಮುಖದ ಮೇಲೆ ಇಟ್ಟು, ಸುತ್ತ ಜಾಗ ಬಿಟ್ಟು ತೆಗೆದು, ಆಮೇಲೆ ಕತ್ತರಿಸುವುದು. ಇದು ಚೆಂದದ ಪದ್ಧತಿಯಲ್ಲ, ಆದರೆ ಕೆಲಸ ಆಗುತ್ತದೆ.

ಇನ್ನು ಆ ಹಳದಿ ಪಟ್ಟೆ. ಒಂದೆರಡರಲ್ಲಿ ಇದ್ದದ್ದು ಈಗ ಕುಣಿತದ ಅರ್ಧಕ್ಕರ್ಧ ಫೋಟೊಗಳಲ್ಲಿ! ಒಂದು ಫೋಟೊ ಬೆಳಕಾಗಿದೆ, ಅದರ ಹಿಂದೆಯೇ ತೆಗೆದದ್ದು ಮಂಕು. ಇನ್ನೊಂದರಲ್ಲಿ ಮೇಲರ್ಧ ಬಿಳಿ, ಕೆಳಗರ್ಧ ಹಳದಿ. ಲೆನ್ಸ್ ಕೆಟ್ಟಿದೆಯಾ ಎಂದು ಮೇಷ್ಟ್ರು ಗಾಬರಿಯಾದರು.

ಲೆನ್ಸ್ ಕೆಟ್ಟಿರಲಿಲ್ಲ, ಕೆಲಸ ಮಾಡಿತ್ತು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ಫ್ಲಡ್‌ಲೈಟು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. 1/25ರಲ್ಲಿ ತೆಗೆದರೆ ಅಂಥ ನಾಲ್ಕು ಏರಿಳಿತ ಒಂದೇ ಫೋಟೊದಲ್ಲಿ ಕಲಸಿ ಹೋಗುತ್ತವೆ. 1/500ರಲ್ಲಿ ಒಂದು ಏರಿಳಿತದ ಐದನೇ ಒಂದು ಭಾಗ ಮಾತ್ರ ಸಿಗುತ್ತದೆ. ಅದು ಏರಿನದೋ ಇಳಿತದ್ದೋ ಅದೃಷ್ಟ. ಅಲ್ಲದೆ ಈ ಕ್ಯಾಮೆರಾದಲ್ಲಿ ಶಟರ್ 1/200 ದಾಟಿದರೆ ಇಡೀ ಸೆನ್ಸಾರ್ ಒಮ್ಮೆಗೇ ತೆರೆದುಕೊಳ್ಳುವುದಿಲ್ಲ. ಒಂದು ಸೀಳು ಅದರ ಮೇಲೆ ಹಾದು ಹೋಗುತ್ತದೆ. ಸೀಳು ಹಾದು ಹೋಗುವಷ್ಟರಲ್ಲಿ ದೀಪ ಏರಿ ಇಳಿದರೆ ಅದೇ ಪಟ್ಟೆ. ನಿಧಾನ ಶಟರ್ ಇಷ್ಟು ದಿನ ಈ ದೋಷವನ್ನು ಮುಚ್ಚಿಟ್ಟಿತ್ತು.

ಇದು ಲೆನ್ಸಿನಿಂದ ಸರಿಯಾಗದು. ಸಾಫ್ಟ್‌ವೇರಿನಿಂದ ಅರೆಬರೆ. ಬಾಡಿಯಿಂದ ಸರಿಯಾಗುತ್ತದೆ. ಕ್ಯಾನನ್ 2014ರ 7ಡಿ ಮಾರ್ಕ್ 2ರಲ್ಲಿ ತಂದ ಆ್ಯಂಟಿ-ಫ್ಲಿಕರ್ ದೀಪದ ಏರಿಳಿತವನ್ನು ಅಳೆದು, ಬೆಳಕು ತುದಿಗೇರಿದಾಗ ಮಾತ್ರ ಶಟರ್ ಬಿಡುತ್ತದೆ. 1500ಡಿಯಲ್ಲಿ ಅದಿಲ್ಲ. ಸದ್ಯಕ್ಕೆ ಅರ್ಥಗಾರಿಕೆಗೆ 1/100, ಅಂದರೆ ಸರಿಯಾಗಿ ಒಂದು ಏರಿಳಿತ. ಕುಣಿತಕ್ಕೆ ಒಂದರ ಹಿಂದೆ ಒಂದು ಮೂರು ನಾಲ್ಕು ತೆಗೆದು ಒಳ್ಳೆಯದನ್ನು ಆರಿಸುವುದು.

ಹಾಗಾದರೆ ಬಾಡಿಯೇ ಮೊದಲಾಗಬೇಕಿತ್ತಾ? ಇಲ್ಲ. ಬಾಡಿ ಮೊದಲು ತಂದಿದ್ದರೆ ಪಟ್ಟೆಯಿಲ್ಲದ ಬ್ಲರ್ ಫೋಟೊಗಳು ಸಿಗುತ್ತಿದ್ದವು.

ಇದನ್ನು ಓದಿ ಎಲ್ಲರೂ ಲೆನ್ಸ್ ಮೊದಲು ಎಂದುಕೊಳ್ಳಬಾರದು. ನನಗೆ ಗೊತ್ತಿರುವ ಇನ್ನೊಬ್ಬರ ಹತ್ತಿರ ಇದೇ 1500ಡಿ, ಅದಕ್ಕೊಂದು 150-600 ಲೆನ್ಸ್. ರಂಗನತಿಟ್ಟಿಗೆ ಹೋಗಿ ಹಾರುವ ಹಕ್ಕಿ ಹಿಡಿಯುವುದು ಅವರ ಹುಚ್ಚು. ಹಗಲಿನ ಬೆಳಕು, 1/2000 ಸಲೀಸಾಗಿ ಸಿಗುತ್ತದೆ. ಅವರ ಹಾಳಾದ ಫೋಟೊಗಳಲ್ಲಿ ಬ್ಲರ್ ಇಲ್ಲವೇ ಇಲ್ಲ, ಇರುವುದು ಫೋಕಸ್ ತಪ್ಪಿದ್ದು, ಚೌಕಟ್ಟಿನಲ್ಲಿ ಅರ್ಧ ರೆಕ್ಕೆ ಉಳಿದದ್ದು. ಒಂಬತ್ತು ಬಿಂದು, ಸೆಕೆಂಡಿಗೆ ಮೂರು ಫೋಟೊ. ಅವರಿಗೆ ಬಾಡಿ ಬೇಕು, ಲೆನ್ಸಿನ ಮಾತೇ ಬೇಡ.

ಉಳಿದ 20 ಸಾವಿರ

ಮೇಷ್ಟ್ರ ಕೈಯಲ್ಲಿ ಹೆಚ್ಚುಕಡಿಮೆ 20 ಸಾವಿರ ಉಳಿದಿದೆ. ಅದಕ್ಕೆ ಇನ್ನಷ್ಟು ಸೇರಿಸಿ ಮುಂದೆ ಬಾಡಿ ತಗೊಳ್ಳುವುದು ಎಂದಾಗಿದೆ. ಈಗ ಏನನ್ನು ಹುಡುಕಬೇಕು ಎನ್ನುವುದು ಸ್ಪಷ್ಟ ಇದೆ: ಆ್ಯಂಟಿ-ಫ್ಲಿಕರ್, ಕತ್ತಲೆಯಲ್ಲಿ ನಂಬಬಹುದಾದ ಹೆಚ್ಚು ಫೋಕಸ್ ಬಿಂದು. ಮೆಗಾಪಿಕ್ಸೆಲ್ ಬೇಡ, ವಿಡಿಯೊ ಬೇಡ.

ಅವರ ಮನಸ್ಸು ಆರ್10 ಮೇಲಿದೆ. ಅದು ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ. ಆದರೆ ದಪ್ಪ ಬಣ್ಣ ಬಳಿದ, ಕಾಡಿಗೆಯಲ್ಲಿ ಕಣ್ಣನ್ನು ಕಿವಿಯವರೆಗೆ ಎಳೆದ ಮುಖವನ್ನು ಅದು ಮುಖವೆಂದು ಒಪ್ಪುತ್ತದೋ ಇಲ್ಲವೋ, ಹಿಡಿದು ನೋಡಿಯೇ ತಿಳಿಯಬೇಕು. ನನ್ನ ಓಟು 2016ರ ಹಳೇ 80ಡಿಗೆ. 45 ಫೋಕಸ್ ಬಿಂದು, ಎಲ್ಲವೂ ಕ್ರಾಸ್ ಟೈಪ್. ಆ್ಯಂಟಿ-ಫ್ಲಿಕರ್ ಇದೆ. ಸೆಕೆಂಡಿಗೆ ಏಳು ಫೋಟೊ. ಈಗಿನ ಲೆನ್ಸುಗಳು ಅಡಾಪ್ಟರ್ ಇಲ್ಲದೆ ನೇರ ಕೂರುತ್ತವೆ. ಹೊಸದನ್ನು ಬಿಟ್ಟು ಹಳತನ್ನು ತಗೊಳ್ಳಲು ಮೇಷ್ಟ್ರಿಗೆ ಸ್ವಲ್ಪ ಮುಜುಗರ, ಅದು ಸಹಜ.

ಒಂದು ಷರತ್ತಿಗೆ ಮಾತ್ರ ಇಬ್ಬರೂ ಒಪ್ಪಿದ್ದೇವೆ. ಮಳೆಗಾಲದಲ್ಲಿ ಸಭಾಂಗಣದ ಆಟ ಇದ್ದೇ ಇರುತ್ತದೆ. ಅಂಥ ಒಂದು ರಾತ್ರಿಗೆ 80ಡಿ ಎರವಲು ತಂದು, ಅದೇ 85 ಹಾಕಿ, 1/500ರಲ್ಲಿ ಕುಣಿತ ತೆಗೆಯುವುದು. ಕೆಲವು ಡಿಮ್ಮರ್ ಇರುವ ಎಲ್‌ಇಡಿಗಳು ಸೆಕೆಂಡಿಗೆ ಸಾವಿರಾರು ಸಲ ಮಿನುಗುತ್ತವೆ, ಅದರ ಮುಂದೆ ಈ ಆ್ಯಂಟಿ-ಫ್ಲಿಕರ್ ಆಟ ನಡೆಯುವುದಿಲ್ಲ. ಪಟ್ಟೆ ಹೋದರೆ ದೀಪಾವಳಿಯೊಳಗೆ 80ಡಿ. ಹೋಗದಿದ್ದರೆ ಆ ಹಣ ಬ್ಯಾಂಕಿನಲ್ಲೇ ಇರಲಿ, 1500ಡಿ ಇನ್ನೊಂದು ತಿರುಗಾಟ ಮಾಡುತ್ತದೆ.